ಮೂರು ದಿನದ ನಿಜನಾಮ: 2010ರ ಬ್ಯಾಟಲ್.ನೆಟ್ ಪ್ರಕರಣ

2010ರ ಜುಲೈ 6, ಮಂಗಳವಾರ. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆಟ ನಡೆಸುವ ಅಮೆರಿಕದ ಬ್ಲಿಜಾರ್ಡ್ ಕಂಪನಿ ತನ್ನ ಆಟಗಾರರಿಗೆ ಒಂದು ಬದಲಾವಣೆಯನ್ನು ತಿಳಿಸಿತು. ಇನ್ನು ಮುಂದೆ ಕಂಪನಿಯ ಅಧಿಕೃತ ಚರ್ಚಾವೇದಿಕೆಯಲ್ಲಿ ಯಾರು ಏನೇ ಬರೆದರೂ ಅದರ ಮೇಲೆ ಅವರ ನಿಜವಾದ ಹೆಸರು, ಮನೆತನದ ಹೆಸರಿನ ಸಮೇತ, ಕಾಣಿಸುತ್ತದೆ. ಬೇಕಿದ್ದವರು ಪಕ್ಕದಲ್ಲಿ ತಮ್ಮ ಪಾತ್ರದ ಹೆಸರನ್ನೂ ಹಾಕಿಕೊಳ್ಳಬಹುದು, ಆದರೆ ನಿಜನಾಮವನ್ನು ಮುಚ್ಚಿಡುವಂತಿಲ್ಲ. ಜುಲೈ 27ಕ್ಕೆ ಬಿಡುಗಡೆಯಾಗಲಿದ್ದ ಕಂಪನಿಯ ಇನ್ನೊಂದು ಆಟ ಸ್ಟಾರ್‌ಕ್ರಾಫ್ಟ್ 2ರ ವೇದಿಕೆಯಲ್ಲಿ ಇದು ಮೊದಲು ಜಾರಿಗೆ ಬರಬೇಕಿತ್ತು. ವರ್ಷದ ಕೊನೆಗೆ ‘ಕ್ಯಾಟಕ್ಲಿಸಂ’ ವಿಸ್ತರಣೆ ಬರುವ ಹೊತ್ತಿಗೆ ವಾರ್‌ಕ್ರಾಫ್ಟ್‌ಗೂ ಬರುವುದಿತ್ತು. ಹಳೆಯ ಬರಹಗಳು ಹಳೆಯ ಹೆಸರಿನಲ್ಲೇ ಉಳಿಯುತ್ತವೆ ಎಂಬ ಭರವಸೆ ಇತ್ತು.

ಜುಲೈ 9, ಶುಕ್ರವಾರ, ಕಂಪನಿಯ ಸಹಸ್ಥಾಪಕ ಹಾಗೂ ಮುಖ್ಯಸ್ಥ ಮೈಕ್ ಮೊರ್‌ಹೈಮ್ ಈ ನಿರ್ಧಾರವನ್ನು ಹಿಂತೆಗೆದುಕೊಂಡರು.

ಒಂದು ಕೋಟಿಗೂ ಮಿಕ್ಕಿ ಚಂದಾದಾರರಿದ್ದ ಆಟದಲ್ಲಿ ನಡುವಿನ ಆ ಮೂರು ದಿನಗಳಲ್ಲಿ ಏನಾಯಿತು, ಅದಕ್ಕಿಂತ ಮುಖ್ಯವಾಗಿ ಕಂಪನಿ ಯಾವ ರೋಗಕ್ಕೆ ಯಾವ ಮದ್ದು ಕೊಡಲು ಹೊರಟಿತ್ತು ಎಂಬುದನ್ನು ಬಿಡಿಸಿ ನೋಡಬೇಕು. ಆಟದ ಸಮುದಾಯ ನಡೆಸುವವರು ಇವತ್ತಿಗೂ ಅದೇ ತಪ್ಪು ಲೆಕ್ಕ ಹಾಕುತ್ತಾರೆ. ಬೈಗುಳ ಹೆಚ್ಚಿದೆ, ಎಲ್ಲರೂ ನಿಜವಾದ ಹೆಸರು ಹಾಕಲಿ, ತಾನಾಗಿ ತಣ್ಣಗಾಗುತ್ತದೆ ಎನ್ನುತ್ತಾರೆ. ಹಾಗೆ ತಣ್ಣಗಾಗುವುದಿಲ್ಲ.

ಮುಖವಾಡ ಇದ್ದದ್ದು ಎಲ್ಲಿ

ಕಂಪನಿಯ ದೂರು ಸುಳ್ಳಾಗಿರಲಿಲ್ಲ. ವಾರ್‌ಕ್ರಾಫ್ಟ್ ವೇದಿಕೆ ಕಿತ್ತಾಟಕ್ಕೆ, ಬೇಕೆಂದೇ ಕೆಣಕುವವರಿಗೆ ಹೆಸರಾಗಿತ್ತು. ಪ್ರಕಟಣೆಯಲ್ಲೂ ಅದನ್ನೇ ಹೇಳಿದ್ದರು: ಅನಾಮಧೇಯತೆಯ ಪರದೆ ಸರಿದರೆ ಮಾತು ಹದಕ್ಕೆ ಬರುತ್ತದೆ ಎಂದು.

ಆದರೆ ಆ ವೇದಿಕೆಯಲ್ಲಿ ಬರೆಯುವವರು ಕಂಪನಿಯ ಮಟ್ಟಿಗೆ ಅನಾಮಧೇಯರೇ ಅಲ್ಲ. ಬರೆಯಬೇಕಾದರೆ ಚಾಲ್ತಿಯಲ್ಲಿರುವ ಆಟದ ಖಾತೆ ಬೇಕಿತ್ತು. ಆ ಖಾತೆಗೆ ತಿಂಗಳಿಗೆ 14.99 ಡಾಲರ್ ಚಂದಾ ಕಟ್ಟಬೇಕಿತ್ತು. ಹಣ ಕಟ್ಟುವಾಗ ಕಾರ್ಡು, ಹೆಸರು, ವಿಳಾಸ ಎಲ್ಲ ಕಂಪನಿಯ ಕೈ ಸೇರುತ್ತಿತ್ತು. ಹಾಗಾಗಿ ಕೆಟ್ಟದಾಗಿ ನಡೆದುಕೊಂಡವರನ್ನು ಹೊರಗಿಡಲು ಬೇಕಾದ ಮಾಹಿತಿಯೆಲ್ಲ ಕಂಪನಿಯ ಬಳಿ ಮೊದಲೇ ಇತ್ತು.

ಬಿರುಕು ಇದ್ದದ್ದು ಖಾತೆಗೂ ಪಾತ್ರಕ್ಕೂ ನಡುವೆ. ಆಗ ಒಂದು ವಾರ್‌ಕ್ರಾಫ್ಟ್ ಖಾತೆಯಲ್ಲಿ ಸರ್ವರ್‌ಗೆ 10ರಂತೆ ಒಟ್ಟು 50 ಪಾತ್ರಗಳನ್ನು ಮಾಡಬಹುದಿತ್ತು. ವೇದಿಕೆಯಲ್ಲಿ ಕಾಣುತ್ತಿದ್ದದ್ದು ಪಾತ್ರದ ಹೆಸರು ಮಾತ್ರ. ಯಾರನ್ನೋ ಹೀಗಳೆಯಬೇಕೆಂದರೆ ಮೊದಲ ಹಂತದ ಹೊಸ ಪಾತ್ರವೊಂದನ್ನು ಎರಡು ನಿಮಿಷದಲ್ಲಿ ಮಾಡಿ, ಅದರ ಹೆಸರಿನಲ್ಲಿ ಬರೆದು, ಆಮೇಲೆ ಅಳಿಸಿಬಿಟ್ಟರಾಯಿತು. ವರ್ಷಗಟ್ಟಲೆ ಗಿಲ್ಡ್ (ಆಟಗಾರರ ಕಾಯಂ ತಂಡ) ಜೊತೆ ರೈಡ್ (ಆಟದೊಳಗಿನ ಗುಂಪು ದಾಳಿ) ಮಾಡಿ ಹೆಸರು ಗಳಿಸಿದ ಮುಖ್ಯ ಪಾತ್ರಕ್ಕೆ ಒಂದು ಗೀರೂ ಬೀಳುತ್ತಿರಲಿಲ್ಲ.

ತೊಂದರೆ ಕೊಡುತ್ತಿದ್ದದ್ದು ಬಿಸಾಡಬಹುದಾದ ಹೆಸರು. ಹೆಸರು ನಿಜವಲ್ಲ ಎಂಬುದು ತೊಂದರೆಯೇ ಆಗಿರಲಿಲ್ಲ. ಎರಡಕ್ಕೂ ಬಹಳ ಅಂತರವಿದೆ. ಕಾವ್ಯನಾಮ ಇಟ್ಟುಕೊಂಡು ಜೀವಮಾನವಿಡೀ ಬರೆದವರನ್ನು ಕಂಡ ನಮ್ಮ ಭಾಷೆಯವರಿಗೆ ಇದನ್ನು ಬಹಳ ವಿವರಿಸಬೇಕಿಲ್ಲ. ವಚನಕಾರರ ಅಂಕಿತವನ್ನೇ ನೋಡಿ. ಅದು ಅವರ ಸ್ವಂತ ಹೆಸರಲ್ಲ, ಆದರೂ ಸಾಲಿನ ಹೊಣೆ ಯಾರದೆಂದು ಅದರಿಂದಲೇ ಗೊತ್ತಾಗುತ್ತದೆ. ಹೆಸರು ಬದಲಾಗದೆ ನಿಂತರೆ ಅದಕ್ಕೆ ಮಾನ ಬರುತ್ತದೆ. ಕಳೆದುಕೊಳ್ಳಲು ಏನಾದರೂ ಇದ್ದವರು ಮಾತಿನ ಮೇಲೆ ಹಿಡಿತ ಇಟ್ಟುಕೊಳ್ಳುತ್ತಾರೆ.

ಆ ಹೆಸರುಗಳು ಬಂದದ್ದು ಎಲ್ಲಿಂದ

ವೇದಿಕೆಯ ಮೇಲೆ ತೋರಿಸಲು ಹೊರಟಿದ್ದ ಹೆಸರುಗಳನ್ನು ಆಟಗಾರರು ಕೊಟ್ಟದ್ದು ಬೇರೆಯದೇ ಕೆಲಸಕ್ಕೆ. 2009ರ ನವೆಂಬರ್ 11ರೊಳಗೆ ಎಲ್ಲ ವಾರ್‌ಕ್ರಾಫ್ಟ್ ಖಾತೆಗಳನ್ನೂ ಬ್ಲಿಜಾರ್ಡ್‌ನ ಎಲ್ಲ ಆಟಗಳಿಗೂ ಒಂದೇ ಆದ ಬ್ಯಾಟಲ್.ನೆಟ್ ಖಾತೆಗೆ ಸೇರಿಸುವುದು ಕಡ್ಡಾಯವಾಗಿತ್ತು. ಸೇರಿಸದಿದ್ದರೆ ಆಟಕ್ಕೆ ಪ್ರವೇಶವಿಲ್ಲ. ಅಲ್ಲಿ ಕೇಳಿದ ಹೆಸರನ್ನು ಜನ ಸರಿಯಾಗಿಯೇ ತುಂಬಿದರು, ಯಾಕೆಂದರೆ ಖಾತೆ ಕಳವಾದರೆ ಗುರುತಿನ ಚೀಟಿಗೆ ತಾಳೆ ಹಾಕಿಯೇ ಅದನ್ನು ಮರಳಿಸುತ್ತಿದ್ದರು. ಬಿಲ್ಲಿಗೆ, ಖಾತೆ ಮರಳಿ ಪಡೆಯಲಿಕ್ಕೆ ಎಂದು ಕೊಟ್ಟ ಹೆಸರನ್ನು ಎಂಟು ತಿಂಗಳ ಬಳಿಕ ಜಗತ್ತಿಗೆಲ್ಲ ತೋರಿಸುವ ಮಾತು ಬಂತು.

ಕಸುಬಿನ ಕಣ್ಣಿನಿಂದ ನೋಡಿದರೆ ಇಡೀ ಪ್ರಕರಣದ ಅತಿ ದೊಡ್ಡ ತಪ್ಪು ಇದು. ಒಂದು ಉದ್ದೇಶಕ್ಕೆ ಪಡೆದ ಮಾಹಿತಿಯನ್ನು ಇನ್ನೊಂದಕ್ಕೆ ಬಳಸಿದಾಗ, ಮಾಹಿತಿ ಅದೇ ಇದ್ದರೂ ಕೊಟ್ಟವರ ಒಪ್ಪಿಗೆ ಅದಕ್ಕೆ ಇರುವುದಿಲ್ಲ. ಮತ್ತೊಂದು ಸಣ್ಣ, ಆದರೆ ಗಟ್ಟಿಯಾದ ತೊಡಕೂ ಇತ್ತು. ಅಪ್ರಾಪ್ತ ವಯಸ್ಸಿನವರ ಖಾತೆಗಳು ಎಷ್ಟೋ ಕಡೆ ಅಪ್ಪ ಅಥವಾ ಅಮ್ಮನ ಹೆಸರಿನಲ್ಲಿದ್ದವು. ಹದಿನಾಲ್ಕರ ಹುಡುಗ ಜಗಳವಾಡಿ ಬರೆದದ್ದರ ಮೇಲೆ ಅವನ ತಾಯಿಯ ಪೂರ್ತಿ ಹೆಸರು ಬೀಳುತ್ತಿತ್ತು. ಆಕೆಯ ಕಚೇರಿಯವರು ಹುಡುಕಿದರೆ ಸಿಗುವುದೂ ಅದೇ.

ನಿಜನಾಮದ ವ್ಯವಸ್ಥೆ ಅಷ್ಟರಲ್ಲೇ ಆಟದೊಳಗೆ ಬಂದಾಗಿತ್ತು ಎಂಬುದನ್ನೂ ಹೇಳಬೇಕು. ಜೂನ್ 22ರ 3.3.5 ಪ್ಯಾಚ್‌ನಲ್ಲಿ ‘ರಿಯಲ್ ಐಡಿ’ ಎಂಬ ಸ್ನೇಹಿತರ ಪಟ್ಟಿ ಬಂದಿತ್ತು. ಇಬ್ಬರೂ ಒಪ್ಪಿದರೆ ಒಬ್ಬರ ನಿಜನಾಮ ಇನ್ನೊಬ್ಬರಿಗೆ ಕಾಣುತ್ತದೆ, ಬೇರೆ ಸರ್ವರ್‌ನಲ್ಲಿದ್ದರೂ ಮಾತಾಡಬಹುದು. ಇದು ಐಚ್ಛಿಕವಾಗಿತ್ತು, ನಿಜಜೀವನದ ಗೆಳೆಯರಿಗೆ ಉಪಯೋಗಕ್ಕೂ ಬಂತು. ಆದರೆ ಎರಡು ಲೋಪಗಳಿದ್ದವು. ಸ್ನೇಹಕ್ಕೆ ಕೋರಿಕೆ ಕಳಿಸಲು ಕೊಡಬೇಕಿದ್ದ ಇಮೇಲ್ ವಿಳಾಸವೇ ಖಾತೆಯ ಲಾಗಿನ್ ಕೂಡ ಆಗಿತ್ತು. ಅಂದರೆ ಕಳ್ಳನಿಗೆ ಬೇಕಾದ ಎರಡು ವಸ್ತುಗಳಲ್ಲಿ ಒಂದನ್ನು ಕೈಯಾರೆ ಕೊಟ್ಟಂತೆ. ಇನ್ನೊಂದು, ಸ್ನೇಹಿತರ ಸ್ನೇಹಿತರಿಗೂ ನಿಮ್ಮ ನಿಜನಾಮ ಕಾಣುತ್ತಿತ್ತು. ನೀವು ನಂಬಿದ್ದು ಒಬ್ಬರನ್ನು, ನಿಮ್ಮ ಹೆಸರು ತಿಳಿದದ್ದು ನೀವು ಕಂಡೇ ಇರದ ನಲವತ್ತು ಜನಕ್ಕೆ.

ಒಂದು ಹೆಸರಿನಿಂದ ಮನೆ ಬಾಗಿಲಿಗೆ

ಪ್ರಕಟಣೆಯ ದಿನವೇ ಕಂಪನಿಯ ನೌಕರರೊಬ್ಬರು, ಸಮುದಾಯದ ಜೊತೆ ಮಾತಾಡುವ ಕೆಲಸದವರು, ಹೆದರುವಂಥದ್ದೇನೂ ಇಲ್ಲವೆಂದು ತೋರಿಸಲು ತಮ್ಮ ನಿಜನಾಮವನ್ನು ವೇದಿಕೆಯಲ್ಲಿ ಬರೆದರು. ಸ್ವಲ್ಪ ಹೊತ್ತಿನಲ್ಲೇ ಅವರದೆನ್ನಲಾದ ಫೋನ್ ನಂಬರು, ವಿಳಾಸ, ಮನೆಯವರ ವಿವರ ಎಲ್ಲವನ್ನೂ ಜನ ಹುಡುಕಿ ಹರಡಿದರು. ಒಳ್ಳೆಯ ಮನಸ್ಸಿನಿಂದ ಕೈ ಎತ್ತಿದ ನೌಕರನಿಗೆ ಆದ ಈ ಅನ್ಯಾಯವನ್ನು ಯಾರೂ ಸಮರ್ಥಿಸುವಂತಿಲ್ಲ. ಆದರೆ ಕಂಪನಿಯ ಯೋಜನೆ ಜಾರಿಗೆ ಬಂದಿದ್ದರೆ ಸಾವಿರಾರು ಜನರಿಗೆ ಏನಾಗುತ್ತಿತ್ತು ಎಂಬುದಕ್ಕೆ ಅದಕ್ಕಿಂತ ಸ್ಪಷ್ಟ ಪುರಾವೆ ಬೇಕಿರಲಿಲ್ಲ.

ಹುಡುಕಾಟದ ದಾರಿ ಸರಳ. ಅಮೆರಿಕದಲ್ಲಿ ಹೆಸರು ಮತ್ತು ರಾಜ್ಯ ಗೊತ್ತಾದರೆ ಜನರನ್ನು ಹುಡುಕಿಕೊಡುವ ಜಾಲತಾಣಗಳು ವಯಸ್ಸು, ಹಳೆಯ ವಿಳಾಸ, ಸಂಬಂಧಿಕರ ಹೆಸರು ಕೊಡುತ್ತವೆ. ಆಸ್ತಿ ತೆರಿಗೆಯ ದಾಖಲೆ ಬಹಳ ಕಡೆ ಬಹಿರಂಗವಾಗಿಯೇ ಇದೆ. ಆಟದ ಹರಟೆಯಲ್ಲಿ ಬಿಟ್ಟುಕೊಟ್ಟ ಚೂರುಗಳು, ಊರಿನ ಹವಾಮಾನ, ಕೆಲಸದ ಪಾಳಿ, ಮಗುವಿನ ಶಾಲೆಯ ರಜೆ, ಉಳಿದ ಸಾಲುಗಳನ್ನು ತುಂಬುತ್ತವೆ. ನಿಜನಾಮ ಇಲ್ಲದಿರುವಷ್ಟು ಕಾಲ ಈ ಚೂರುಗಳು ಒಂದಕ್ಕೊಂದು ಅಂಟುವುದಿಲ್ಲ. ಹೆಸರು ಗೊತ್ತಾದ ಕ್ಷಣ ಎಲ್ಲವೂ ಒಂದೇ ವ್ಯಕ್ತಿಗೆ ಜೋಡಣೆಯಾಗುತ್ತವೆ.

ನಮ್ಮ ಕಡೆ ಇದು ಇನ್ನೂ ಬೇಗ ಆಗುವ ಕೆಲಸ. ಹಳೇ ಮೈಸೂರು ಸೀಮೆಯ ಹೆಸರಿನ ಮುಂದಿನ ಇನಿಷಿಯಲ್ಲು ಊರನ್ನೂ ತಂದೆಯನ್ನೂ ಹೇಳುತ್ತದೆ. ಬೆಳಗಾವಿ, ಧಾರವಾಡದ ಕಡೆ ಊರಿನ ಹೆಸರಿಗೆ ‘ಕರ್’ ಸೇರಿ ಮನೆತನದ ಹೆಸರಾದದ್ದು ಸಾಕಷ್ಟಿದೆ. ಎಷ್ಟೋ ಹೆಸರುಗಳು ಜಾತಿ, ಧರ್ಮವನ್ನು ಬಾಯಿಬಿಟ್ಟು ಹೇಳುತ್ತವೆ. ಮತದಾರರ ಪಟ್ಟಿ ಮತಗಟ್ಟೆವಾರು ಸಾರ್ವಜನಿಕವಾಗಿ ಸಿಗುತ್ತದೆ, ಅದರಲ್ಲಿ ವಯಸ್ಸು, ತಂದೆ ಅಥವಾ ಗಂಡನ ಹೆಸರು, ಮನೆ ನಂಬರು ಇರುತ್ತದೆ. ಮುನ್ನೂರು ಮನೆಯ ಊರಿನ ಹುಡುಗಿಯ ಪೂರ್ತಿ ಹೆಸರನ್ನು ಆಟದ ಪರದೆಯ ಮೇಲೆ ತೋರಿಸುವುದೆಂದರೆ ಅವಳ ಮನೆಯ ದಾರಿಯನ್ನು ತೋರಿಸಿದ ಹಾಗೆ. ಅಮೆರಿಕದಲ್ಲೂ 2010ರಲ್ಲಿ ಜೋರಾಗಿ ಎದ್ದ ದನಿಗಳಲ್ಲಿ ಹೆಂಗಸರದ್ದು ಮುಖ್ಯವಾದದ್ದು. ಆಟದಲ್ಲಿ ಹೆಣ್ಣೆಂದು ಗೊತ್ತಾದ ಮೇಲೆ ಬರುವ ಸಂದೇಶಗಳ ಸ್ವರ ಬದಲಾಗುವುದನ್ನು ಕಂಡವರು ಅವರು. ಅವರಿಗೆ ಪಾತ್ರದ ಹೆಸರು ಕವಚವಾಗಿತ್ತು. ಕೆಣಕುವವರನ್ನು ಹಿಡಿಯಲು ಮಾಡಿದ ನಿಯಮ ಕೆಣಕಿಸಿಕೊಳ್ಳುವವರ ಕವಚವನ್ನು ಮೊದಲು ಕಿತ್ತುಕೊಳ್ಳುತ್ತಿತ್ತು.

ವಿಳಾಸ ತಿಳಿಯುವುದು ಎಷ್ಟು ಕೆಡುಕಿಗೆ ಹೋಗಬಹುದು ಎಂಬುದಕ್ಕೆ ಏಳು ವರ್ಷದ ನಂತರದ ಒಂದು ಘಟನೆ ಸಾಕು. 2017ರ ಡಿಸೆಂಬರ್ 28ರಂದು, ಕಾಲ್ ಆಫ್ ಡ್ಯೂಟಿ ಆಟದಲ್ಲಿ ಒಂದೂವರೆ ಡಾಲರ್ ಪಂದ್ಯಕ್ಕೆ ಹುಟ್ಟಿದ ಜಗಳದಲ್ಲಿ, ಒಬ್ಬ ಇನ್ನೊಬ್ಬನಿಗೆ ಒಂದು ವಿಳಾಸ ಕೊಟ್ಟು ಸವಾಲು ಹಾಕಿದ. ಮೂರನೆಯವನೊಬ್ಬ ಪೊಲೀಸರಿಗೆ ಸುಳ್ಳು ಕರೆ ಮಾಡಿ, ಆ ಮನೆಯಲ್ಲಿ ಕೊಲೆಯಾಗಿದೆ, ಒತ್ತೆಯಾಳುಗಳಿದ್ದಾರೆ ಎಂದ. ಕಾನ್ಸಾಸ್ ರಾಜ್ಯದ ವಿಚಿಟಾದ ಆ ಮನೆಯಲ್ಲಿದ್ದವರಿಗೆ ಆಟದ ಸಂಬಂಧವೇ ಇರಲಿಲ್ಲ. ಏನು ಗದ್ದಲವೆಂದು ಬಾಗಿಲು ತೆರೆದ 28 ವರ್ಷದ ಗೃಹಸ್ಥ ಪೊಲೀಸರ ಗುಂಡಿಗೆ ಸತ್ತರು.

ಮೂರು ದಿನ

ಜುಲೈ 6ರ ಸಂಜೆಗೇ ವೇದಿಕೆಯ ಪ್ರತಿಕ್ರಿಯೆಗಳು ಸಾವಿರ ದಾಟಿದ್ದವು. ಹಿಂತೆಗೆತದ ಹೊತ್ತಿಗೆ ಹತ್ತಾರು ಸಾವಿರವಾಗಿದ್ದವು. ಚಂದಾ ರದ್ದುಮಾಡಿ ಅದನ್ನು ಅಲ್ಲೇ ಬರೆದವರಿದ್ದರು. ಶಿಕ್ಷಕರು, ವೈದ್ಯರು, ವಕೀಲರು, ಗಂಡನಿಂದ ತಪ್ಪಿಸಿಕೊಂಡು ಬದುಕುತ್ತಿರುವವರು, ತಮ್ಮ ಲಿಂಗತ್ವವನ್ನು ಮನೆಯಲ್ಲಿ ಇನ್ನೂ ಹೇಳದವರು, ತಮ್ಮ ತಮ್ಮ ಕಾರಣ ಬರೆದರು. ನಿಜನಾಮ ಬಂದರೆ ಎಲ್ಲರೂ ಒಂದೇ ಬೆಲೆ ತೆರುವುದಿಲ್ಲ ಎಂಬುದು ಆ ಸಾಲುಗಳಿಂದ ಕಣ್ಣಿಗೆ ಕಟ್ಟುವಂತಾಯಿತು. ಸಾಮಾನ್ಯ ಹೆಸರಿನ, ಸ್ಥಿರ ಕೆಲಸದ ಗಂಡಸಿಗೆ ಅದು ಬರಿಯ ಕಿರಿಕಿರಿ. ಅಪರೂಪದ ಹೆಸರಿನವರಿಗೆ ಮೊದಲ ಹುಡುಕಾಟದಲ್ಲೇ ಸಿಕ್ಕಿಬೀಳುವ ಭಯ.

ಸುಮಾರು 1,000 ಜನ ಅಮೆರಿಕದ ಆಟಗಳ ವರ್ಗೀಕರಣ ಮಂಡಳಿ ಇಎಸ್‌ಆರ್‌ಬಿಗೂ ದೂರು ಬರೆದರು. ಖಾಸಗಿತನದ ಪ್ರಮಾಣಪತ್ರ ಕೊಡುವುದೂ ಆ ಮಂಡಳಿಯ ಕೆಲಸ. ಅದು ಉತ್ತರ ಕಳಿಸುವಾಗ ದೂರುದಾರರ ಇಮೇಲ್ ವಿಳಾಸಗಳು ಒಬ್ಬರದು ಇನ್ನೊಬ್ಬರಿಗೆ ಕಾಣುವಂತಾಗಿ, ಮಂಡಳಿ ಕ್ಷಮೆ ಕೇಳಬೇಕಾಯಿತು. ವಿಳಾಸಗಳನ್ನು ತಪ್ಪು ಖಾನೆಗೆ ಹಾಕುವಂಥ ಚಿಕ್ಕ ಎಡವಟ್ಟು ಕೂಡ ಇಂಥ ಪರಿಣಾಮ ಮಾಡುತ್ತದೆ. ಮಾಹಿತಿ ಕೂಡಿಟ್ಟ ಕಡೆ ದುರುದ್ದೇಶವಿಲ್ಲದೆಯೂ ಸೋರಿಕೆಯಾಗುತ್ತದೆ, ಅದಕ್ಕೆ ಹ್ಯಾಕರ್ ಬರಬೇಕೆಂದೇನಿಲ್ಲ.

ಶುಕ್ರವಾರದ ಪತ್ರದಲ್ಲಿ ಮೊರ್‌ಹೈಮ್, ಸದ್ಯಕ್ಕೆ ವೇದಿಕೆಯಲ್ಲಿ ನಿಜನಾಮ ಕಡ್ಡಾಯವಲ್ಲ ಎಂದರು. ಆ ಪತ್ರದ ಉಳಿದ ಭಾಗವನ್ನು ಜನ ಅಷ್ಟು ಗಮನಿಸಲಿಲ್ಲ, ಆದರೆ ಉಪಯುಕ್ತವಾದದ್ದು ಅದೇ. ಒಳ್ಳೆಯ ಬರಹವನ್ನು ಮೇಲಕ್ಕೂ ಕೆಟ್ಟದ್ದನ್ನು ಕೆಳಕ್ಕೂ ಒಯ್ಯುವ ಮತ, ಉತ್ತರಗಳ ಸರಪಣಿ, ಉತ್ತಮ ಹುಡುಕಾಟ, ಇವು ಉಳಿದವು. ಆಟದೊಳಗಿನ ರಿಯಲ್ ಐಡಿಯನ್ನು ಬೇಡದವರು ಪೂರ್ತಿ ಬಂದ್ ಮಾಡುವ, ಸ್ನೇಹಿತರ ಸ್ನೇಹಿತರಿಗೆ ಕಾಣದಂತೆ ಇಡುವ ಆಯ್ಕೆಗಳೂ ಅದೇ ವರ್ಷ ಬಂದವು.

ತೋರಿಸದೆ ಪರಿಶೀಲಿಸಿದರೆ? ಕೊರಿಯಾದ ಉತ್ತರ

ಹೆಸರನ್ನು ಪರದೆಯ ಮೇಲೆ ಹಾಕುವುದು ಬೇಡ, ಆದರೆ ಹಿಂದೆ ಪರಿಶೀಲಿಸಿ ಇಟ್ಟುಕೊಂಡರೆ ಆಗದೇ ಎಂಬ ವಾದ ಈ ಪ್ರಕರಣದ ಬೆನ್ನಿಗೇ ಬರುತ್ತದೆ. ದಕ್ಷಿಣ ಕೊರಿಯಾ ಇದನ್ನು ದೇಶದ ಮಟ್ಟದಲ್ಲಿ ಮಾಡಿ ನೋಡಿದೆ. 2007ರ ಜುಲೈಯಿಂದ ಅಲ್ಲಿನ ದೊಡ್ಡ ಜಾಲತಾಣಗಳಲ್ಲಿ ಬರೆಯುವ ಮುನ್ನ ಗುರುತು ದೃಢೀಕರಣ ಕಡ್ಡಾಯವಾಯಿತು. 2009ರಲ್ಲಿ ದಿನಕ್ಕೆ ಒಂದು ಲಕ್ಷ ಭೇಟಿಯಿರುವ ತಾಣಗಳಿಗೆಲ್ಲ ಅದು ವಿಸ್ತರಿಸಿತು. ಬಳಸಿದ್ದು ನಿವಾಸಿ ನೋಂದಣಿ ಸಂಖ್ಯೆ: 13 ಅಂಕಿ, ಮೊದಲ ಆರು ಜನ್ಮದಿನ, ಏಳನೆಯದು ಲಿಂಗ. ಆಗಿನ ದಿನಗಳಲ್ಲಿ ಆ ಸಂಖ್ಯೆಯನ್ನು ಸುಲಭವಾಗಿ ಬದಲಿಸುವಂತೆಯೂ ಇರಲಿಲ್ಲ.

ಆಟಗಳ ಲೋಕದಲ್ಲಿ ಅದರ ಕೇಡು ಮೊದಲೇ ಕಂಡಿತ್ತು. 2006ರಲ್ಲೇ ‘ಲಿನಿಯೇಜ್’ ಆಟದಲ್ಲಿ ಲಕ್ಷಾಂತರ ಜನರ ಕದ್ದ ಸಂಖ್ಯೆಗಳಿಂದ ಖಾತೆಗಳು ತೆರೆದಿದ್ದವು. ಆಟದ ವಸ್ತುಗಳನ್ನು ಮಾರಿ ಹಣ ಮಾಡುವವರಿಗೆ ಖಾತೆಗಳು ಬೇಕಿದ್ದವು, ಖಾತೆಗೆ ನಿಜವಾದ ಗುರುತು ಬೇಕಿತ್ತು, ಹಾಗಾಗಿ ಗುರುತೇ ಮಾರಾಟದ ಸರಕಾಯಿತು. 2011ರ ಜುಲೈಯಲ್ಲಿ ನೇಟ್ ಮತ್ತು ಸೈವರ್ಲ್ಡ್ ತಾಣಗಳಿಂದ ಸುಮಾರು 3.5 ಕೋಟಿ ಜನರ ಮಾಹಿತಿ ಸೋರಿತು. ಅದು ಆ ದೇಶದ ಜನಸಂಖ್ಯೆಯ ಬಹುಪಾಲು. ಅದೇ ನವೆಂಬರ್‌ನಲ್ಲಿ ‘ಮೇಪಲ್ ಸ್ಟೋರಿ’ ಆಟದ 1.32 ಕೋಟಿ ಖಾತೆಗಳ ಮಾಹಿತಿ ಹೋಯಿತು. 2012ರ ಆಗಸ್ಟ್ 23ರಂದು ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಆ ಕಾನೂನನ್ನು ಸರ್ವಾನುಮತದಿಂದ ತಳ್ಳಿಹಾಕಿತು. ಅಭಿವ್ಯಕ್ತಿಗೆ ಆದ ನಷ್ಟಕ್ಕೆ ತಕ್ಕಷ್ಟು ಲಾಭ ಕಾಣಲಿಲ್ಲ ಎಂಬುದು ಅದರ ತಿರುಳು. ಆಟಗಳಿಗೆ ಮಾತ್ರ ಬೇರೆ ಕಾಯ್ದೆಯಡಿ ದೃಢೀಕರಣ ಮುಂದುವರಿದಿದೆ, ಅದನ್ನು ನ್ಯಾಯಾಲಯ 2015ರಲ್ಲಿ ಎತ್ತಿಹಿಡಿದಿದೆ.

ಇದರಿಂದ ಪರಿಶೀಲನೆಯೇ ಬೇಡ ಎಂದು ಹೇಳಲು ಬರುವುದಿಲ್ಲ. ಆದರೆ ನಿಜನಾಮ ಕೇಳುವವರು ಒಂದು ತಿಜೋರಿಯನ್ನೂ ಕಟ್ಟುತ್ತಿದ್ದಾರೆ, ಅದನ್ನು ವರ್ಷಗಟ್ಟಲೆ ಕಾಯುವ ಖರ್ಚು ಅವರದೇ ಎಂಬ ಲೆಕ್ಕವನ್ನು ಮೊದಲ ದಿನವೇ ಹಾಕಬೇಕು. ಬಹಳ ಸಮುದಾಯಗಳಿಗೆ ಆ ಖರ್ಚು ಹೊರಲು ಆಗುವುದಿಲ್ಲ.

ಕಡೆಗೆ ಸಿಕ್ಕ ದಾರಿ

2011ರ ಕೊನೆಯಲ್ಲಿ ಬ್ಲಿಜಾರ್ಡ್ ‘ಬ್ಯಾಟಲ್‌ಟ್ಯಾಗ್’ ಪ್ರಕಟಿಸಿತು. 2012ರ ಮೇ ತಿಂಗಳಲ್ಲಿ ಬಂದ ಕಂಪನಿಯ ಡಯಾಬ್ಲೊ 3 ಆಟದೊಂದಿಗೆ ಅದು ಬಳಕೆಗೆ ಬಂತು. ಆಟಗಾರ ತಾನೇ ಆರಿಸಿದ ಹೆಸರು, ಅದರ ಹಿಂದೆ ಕಂಪನಿ ಕೊಟ್ಟ ಅಂಕಿ. ಒಂದೇ ಹೆಸರನ್ನು ಸಾವಿರ ಜನ ಇಟ್ಟುಕೊಳ್ಳಬಹುದು, ಅಂಕಿ ಬೇರೆ ಬೇರೆ ಇರುತ್ತದೆ. ಖಾತೆಗೊಂದೇ ಟ್ಯಾಗ್, ಎಲ್ಲ ಆಟಗಳಲ್ಲೂ ಅದೇ. ಒಂದು ಸಲ ಪುಕ್ಕಟೆಯಾಗಿ ಬದಲಿಸಬಹುದು. ಸ್ನೇಹದ ಕೋರಿಕೆಗೆ ಇಮೇಲ್ ಬೇಕಿಲ್ಲ. ರಿಯಲ್ ಐಡಿ ಕೂಡ ಉಳಿಯಿತು, ನಿಜಜೀವನದ ಗೆಳೆಯರಿಗೆ ಮಾತ್ರ.

ಖಾತೆಗೂ ಮುಖಕ್ಕೂ ನಡುವಿನ ಬಿರುಕನ್ನು ಇದು ನೇರವಾಗಿ ಮುಚ್ಚಿತು. ಖಾತೆಗೊಂದು ಸ್ಥಿರ ಹೆಸರು ಬಂತು, ಆ ಹೆಸರಿನಿಂದ ಯಾರ ಮನೆಯೂ ಗೊತ್ತಾಗಲಿಲ್ಲ. 2010ರಲ್ಲೇ ಇದನ್ನು ಮಾಡಬಹುದಿತ್ತು ಎಂಬ ಸಂಕಟ ಈ ಪ್ರಕರಣ ಓದುವಾಗ ಆಗುತ್ತದೆ. ತಂತ್ರಜ್ಞಾನದ ದೃಷ್ಟಿಯಿಂದ ಅದರಲ್ಲಿ ಹೊಸದೇನೂ ಇರಲಿಲ್ಲ.

ಬೈಗುಳ ಎಲ್ಲಿಂದ ಹುಟ್ಟುತ್ತದೆ ಎಂಬುದರ ಬಗ್ಗೆ ಇದೇ ಕಾಲದಲ್ಲಿ ಒಳ್ಳೆಯ ಕೆಲಸ ಮಾಡಿದ್ದು ‘ಲೀಗ್ ಆಫ್ ಲೆಜೆಂಡ್ಸ್’ ಆಟದ ರಯಟ್ ಗೇಮ್ಸ್. ಎದುರಾಳಿ ತಂಡದ ಜೊತೆಗಿನ ಚಾಟ್ ಮೊದಲಿನಿಂದಲೇ ಚಾಲೂ ಇರುತ್ತಿತ್ತು. ಅದನ್ನು ಬಂದ್ ಇಟ್ಟು, ಬೇಕಾದವರು ಸೆಟ್ಟಿಂಗ್ಸ್‌ಗೆ ಹೋಗಿ ತೆರೆದುಕೊಳ್ಳಲಿ ಎಂದು ಬದಲಿಸಿದರು. ಕೆಟ್ಟ ಮಾತು ಸುಮಾರು ಮೂರನೇ ಒಂದರಷ್ಟು ಇಳಿಯಿತು, ಒಟ್ಟು ಚಾಟ್ ಬಳಕೆ ಕಡಿಮೆಯಾಗಲಿಲ್ಲ. ಯಾರ ಹೆಸರನ್ನೂ ಕೇಳಿರಲಿಲ್ಲ. ಇನ್ನೊಂದು ಸಂಗತಿ: ಸದಾ ಕೆಟ್ಟದಾಗಿ ನಡೆದುಕೊಳ್ಳುವ ಆಟಗಾರರು ಶೇ. 1ರಷ್ಟು, ಅವರಿಂದ ಬಂದ ಕೆಡುಕು ಒಟ್ಟಿನಲ್ಲಿ ಸುಮಾರು ಶೇ. 5 ಮಾತ್ರ. ಹೆಚ್ಚಿನ ಪಾಲು ಬಂದದ್ದು ಸಾಮಾನ್ಯವಾಗಿ ಚೆನ್ನಾಗಿಯೇ ಇದ್ದು, ಸೋತ ದಿನ ಸಿಡಿದವರಿಂದ. ಹೆಸರಿನ ಕಾನೂನು ಮಾಡುವವರ ಕಣ್ಣಲ್ಲಿ ಇರುವುದು ಆ ಒಂದು ಶೇಕಡಾ. ಉಳಿದವರಿಗೆ ಬೇಕಾದದ್ದು ಸಿಡಿಯುವ ಕ್ಷಣದಲ್ಲಿ ಒಂದು ತಡೆ.

ಸಣ್ಣ ಸಮುದಾಯ ನಡೆಸುವವರಿಗೆ

ಇನ್ನೂರು ಜನರ ಕ್ಲಾನ್ (ಆಟಗಾರರ ತಂಡ) ಇರಲಿ, ಡಿಸ್ಕಾರ್ಡ್ ಎಂಬ ಹರಟೆಯ ಆ್ಯಪ್‌ನಲ್ಲಿ ಐದು ಸಾವಿರ ಜನರ ಸರ್ವರ್ ಇರಲಿ, ಗುರುತಿನ ಪದರಗಳನ್ನು ಬೇರೆ ಬೇರೆ ಇಡಿ. ಲಾಗಿನ್ ಒಂದು, ಹಣ ಪಾವತಿಯ ಹೆಸರು ಇನ್ನೊಂದು, ಸಮುದಾಯದಲ್ಲಿ ಕಾಣುವ ಸ್ಥಿರ ಹೆಸರು ಮತ್ತೊಂದು. ಟೂರ್ನಮೆಂಟಿನ ಬಹುಮಾನಕ್ಕಾಗಿ ಪಡೆದ ಪ್ಯಾನ್ ನಂಬರು, ಯುಪಿಐ ಐಡಿಯನ್ನು ಮಾಡರೇಟರ್‌ಗಳ ಗುಂಪಿನಲ್ಲಿ ಹಂಚಬೇಡಿ. ಹಣ ಕಳಿಸುವ ಒಬ್ಬರ ಬಳಿ ಇರಲಿ, ಲೆಕ್ಕಕ್ಕೆ ಬೇಕಾದ ಅವಧಿ ಮುಗಿದ ಮೇಲೆ ಅಳಿಸಲಿ. ಯುಪಿಐಯಲ್ಲಿ ಹಣ ಕಳಿಸಿದ ಸ್ಕ್ರೀನ್‌ಶಾಟನ್ನು ಗೆದ್ದವರ ಹೆಸರಿನ ಸಮೇತ ಚಾನೆಲ್‌ಗೆ ಹಾಕುವ ರೂಢಿ ಇದೆ. ಬ್ಯಾಂಕಿನಲ್ಲಿರುವ ನಿಜನಾಮ ಅಲ್ಲಿಂದಲೇ ಹೊರಬೀಳುತ್ತದೆ.

ಹೊಸ ಖಾತೆಗಳ ಹಾವಳಿಗೆ ಡಿಸ್ಕಾರ್ಡಿನಲ್ಲೇ ಹಂತಗಳಿವೆ. ದೃಢಪಟ್ಟ ಇಮೇಲ್ ಇರಬೇಕು, ಡಿಸ್ಕಾರ್ಡ್ ಖಾತೆಗೆ ಐದು ನಿಮಿಷ ದಾಟಿರಬೇಕು, ಸರ್ವರ್ ಸೇರಿ ಹತ್ತು ನಿಮಿಷವಾಗಿರಬೇಕು, ಕೊನೆಯದು ದೃಢಪಟ್ಟ ಫೋನ್. ಮಾಮೂಲಿ ದಿನಕ್ಕೆ ಮೂರನೆಯದು ಸಾಕು. ದಾಳಿಯ ದಿನ ನಾಲ್ಕನೆಯದಕ್ಕೆ ಏರಿಸಿ, ಮರುದಿನ ಇಳಿಸಿ. ಫೋನ್ ನಂಬರು ಡಿಸ್ಕಾರ್ಡ್ ಕಂಪನಿಗೆ ಹೋಗುತ್ತದೆ, ನಿಮಗೆ ಕಾಣುವುದಿಲ್ಲ. ಇರಬೇಕಾದದ್ದೂ ಹಾಗೆಯೇ. ಜಗಳ ಹತ್ತಿದ ಚಾನೆಲ್‌ನಲ್ಲಿ ಸ್ಲೋ ಮೋಡನ್ನು (ಒಬ್ಬರ ಎರಡು ಸಂದೇಶಗಳ ನಡುವಿನ ಕಡ್ಡಾಯ ಅಂತರ) 30 ಸೆಕೆಂಡಿಗೆ ಇಟ್ಟರೆ ಸಿಡಿದವರಿಗೆ ಬೇಕಾದ ತಡೆ ಸಿಗುತ್ತದೆ. ಪೂರ್ತಿ ಬೀಗ ಹಾಕಿದರೆ ಜಗಳ ಬೇರೆ ಚಾನೆಲ್‌ಗೆ ಹೋಗುತ್ತದೆ.

ನಿಮ್ಮದೇ ಆಟದ ಸರ್ವರ್ ಇದ್ದು, ಒಬ್ಬರಿಗೆ ಒಂದೇ ಖಾತೆ ಎಂಬ ಕಾರಣಕ್ಕೆ ಫೋನ್ ನಂಬರು ಇಟ್ಟುಕೊಳ್ಳುವುದಾದರೆ, ‘ಹ್ಯಾಶ್ ಮಾಡಿದ್ದೇವೆ’ (ನಂಬರನ್ನು ಒಂದು ಸಂಕೇತವಾಗಿ ಬದಲಿಸಿ ಇಟ್ಟಿದ್ದೇವೆ) ಎಂದು ನೆಮ್ಮದಿಯಿಂದ ಮಲಗಬೇಡಿ. ಭಾರತದ ಮೊಬೈಲ್ ನಂಬರು 6, 7, 8, 9ರಿಂದ ಶುರುವಾಗುವ ಹತ್ತು ಅಂಕಿ, ಒಟ್ಟು 400 ಕೋಟಿ ಸಾಧ್ಯತೆ. ಎಸ್‌ಎಚ್‌ಎ-256 ಎಂಬ ಬರಿಯ ಹ್ಯಾಶ್ ಆದರೆ ಒಂದು ಸಾಧಾರಣ ಗ್ರಾಫಿಕ್ಸ್ ಕಾರ್ಡು ಅಷ್ಟನ್ನೂ ಕೆಲವೇ ಸೆಕೆಂಡುಗಳಲ್ಲಿ ಲೆಕ್ಕಹಾಕಿ ನಂಬರುಗಳನ್ನು ವಾಪಸು ಹೊರತೆಗೆಯುತ್ತದೆ. ಗುಪ್ತ ಕೀಲಿ ಸೇರಿಸಿದ ಹ್ಯಾಶ್ (ಎಚ್‌ಮ್ಯಾಕ್) ಬಳಸಿ, ಆ ಕೀಲಿಯನ್ನು ಡೇಟಾಬೇಸ್ ಇರುವ ಯಂತ್ರದಲ್ಲಿ ಇಡಬೇಡಿ. ಐಪಿ ವಿಳಾಸದ ಮೇಲೆ ಬ್ಯಾನ್ ಹಾಕುವುದಂತೂ ಇಲ್ಲಿ ಕೆಲಸಕ್ಕೆ ಬಾರದು. ಮೊಬೈಲ್ ಕಂಪನಿಗಳು ಒಂದೇ ವಿಳಾಸವನ್ನು ಎಷ್ಟೋ ಗ್ರಾಹಕರಿಗೆ ಹಂಚುತ್ತವೆ. ತಪ್ಪಿತಸ್ಥ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ತೆಗೆದು ಹೊಸ ವಿಳಾಸದಲ್ಲಿ ಬರುತ್ತಾನೆ, ಹೊರಗುಳಿಯುವುದು ಇನ್ಯಾರೋ.

ಹೆಸರು ಬದಲಿಸಲು ಬಿಡಿ, ಆದರೆ 30 ದಿನಕ್ಕೊಮ್ಮೆ ಮಾತ್ರ. ಹಳೆಯ ಹೆಸರನ್ನು ಅಷ್ಟೂ ದಿನ ಬೇರೆಯವರಿಗೆ ಕೊಡಬೇಡಿ, ಇಲ್ಲವಾದರೆ ಪರರ ವೇಷ ಹಾಕುವವರು ಕಾದು ಕುಳಿತಿರುತ್ತಾರೆ. ಶಿಕ್ಷೆಯ ಚರಿತ್ರೆ ಖಾತೆಗೆ ಅಂಟಿರಲಿ, ಹೆಸರಿಗಲ್ಲ. ಬ್ಯಾನ್ ಮಾಡಿದಾಗ ಯಾವ ಮಾತಿಗೆ, ಎಷ್ಟು ದಿನಕ್ಕೆ ಎಂದು ಆ ಸಾಲನ್ನೇ ತೋರಿಸಿ ಹೇಳಿ. ಕಾರಣ ತಿಳಿಯದ ಶಿಕ್ಷೆಯಿಂದ ಹಗೆ ಮಾತ್ರ ಬೆಳೆಯುತ್ತದೆ.

ಸದಸ್ಯರೊಬ್ಬರ ನಿಜನಾಮ, ವಿಳಾಸವನ್ನು ಯಾರಾದರೂ ಹಾಕಿದರೆ ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ, ಸಮಯ, ಖಾತೆಯ ಐಡಿ, ಸಂದೇಶದ ಕೊಂಡಿ ಕಾಣುವಂತಿರಲಿ. ಆಮೇಲೆ ಅಳಿಸಿ. ಗಾಬರಿಯಲ್ಲಿ ಮೊದಲು ಅಳಿಸಿದರೆ ಪೊಲೀಸರಿಗೆ ಕೊಡಲು ಏನೂ ಉಳಿಯುವುದಿಲ್ಲ. ಆ ಸದಸ್ಯರಿಗೆ ಖಾಸಗಿಯಾಗಿ ತಿಳಿಸಿ, ‘ಇದು ನಿಮ್ಮ ವಿಳಾಸವೇ?’ ಎಂದು ಎಲ್ಲರೆದುರು ಕೇಳಬೇಡಿ. ಹಾಗೆ ಕೇಳಿ ಉತ್ತರ ಬಂದರೆ ವಿಳಾಸವನ್ನು ನೀವೇ ಖಾತ್ರಿ ಮಾಡಿದಂತಾಗುತ್ತದೆ. ಬೆದರಿಕೆ ಇದ್ದರೆ 112ಕ್ಕೆ ಕರೆ, ನಂತರ ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆ ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು.

ಇಲ್ಲಿಗೆ ಬರುತ್ತಿರುವುದು

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದರ ಬುನಾದಿಯ ಮೇಲೆ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕೆನ್ನುತ್ತದೆ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಆಟಗಳಲ್ಲಿ ಹದಿನೆಂಟರೊಳಗಿನವರೂ ಇರುವುದರಿಂದ ಆಟದ ಕಂಪನಿಗಳು ಅಪ್ಪ ಅಮ್ಮಂದಿರ ಗುರುತನ್ನು ಒಂದಲ್ಲ ಒಂದು ರೀತಿಯಲ್ಲಿ ಕೇಳಲೇಬೇಕಾಗುತ್ತದೆ.

ಪರಿಶೀಲನೆಗೆ ಬೇಕಾದದ್ದು ‘ಪೋಷಕರು ಒಪ್ಪಿದ್ದಾರೆ, ಈ ದಿನ’ ಎಂಬ ಒಂದು ಗುರುತು ಮಾತ್ರ. ಆಧಾರ್ ಚೀಟಿಯ ಫೋಟೊ ಆಟದ ಕಂಪನಿಯ ಸರ್ವರ್‌ನಲ್ಲಿ ಬಿದ್ದಿರಬೇಕಾಗಿಲ್ಲ. ಹೆಸರಿನ ಖಾನೆಯನ್ನು ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡಾಗಿ ಒಡೆಯುವುದೂ ಬೇಡ. ಇನಿಷಿಯಲ್ಲು ಮತ್ತು ಒಂದೇ ಹೆಸರಿರುವವರು ಅದರಲ್ಲಿ ಏನನ್ನೋ ತುಂಬುತ್ತಾರೆ, ಆಮೇಲೆ ಖಾತೆ ಕಳೆದಾಗ ಗುರುತಿನ ಚೀಟಿಯ ಜೊತೆ ತಾಳೆಯಾಗದೆ ಪರದಾಡುತ್ತಾರೆ. ಒಂದೇ ಖಾನೆ ಸಾಕು, ಅದರ ಕೆಳಗೆ ಕನ್ನಡದಲ್ಲಿ ಒಂದು ಸಾಲು ಇರಲಿ: ಈ ಹೆಸರು ಯಾರಿಗೆ ಕಾಣುತ್ತದೆ, ಯಾವುದಕ್ಕೆ ಬಳಸುತ್ತೇವೆ, ಯಾವಾಗ ಅಳಿಸುತ್ತೇವೆ. ಆ ಸಾಲನ್ನು ಮುಂದೆ ಬದಲಿಸಬೇಕೆನಿಸಿದರೆ ಹಳಬರ ಮಾಹಿತಿಗೆ ಹಳೆಯ ಸಾಲೇ ಅನ್ವಯವಾಗಲಿ. ಅವರು ಹೊಸದಾಗಿ ಒಪ್ಪುವವರೆಗೆ ಅವರ ಹೆಸರು ಇದ್ದಲ್ಲೇ ಇರಬೇಕು.